ಶಂಕ್ರೆವ್ವನ ಎರಡು ಅಳತೆಯ ಚಪ್ಪಲಿ

ಶಂಕ್ರೆವ್ವ ಎರಡು ಜೊತೆ ಚಪ್ಪಲಿ ಕೊಂಡು ಒಂದೇ ಜೊತೆ ಮೆಟ್ಟುವ ಹೆಂಗಸು. ಬಲಗಾಲಿಗೆ ಹೆಂಗಸರ ಐದನೇ ನಂಬರು, ಎಡಗಾಲಿಗೆ ಗಂಡಸರ ಒಂಬತ್ತನೇ ನಂಬರು. ಎರಡೂ ನೀಲಿ ಪಟ್ಟಿಯ ಹವಾಯಿ ಚಪ್ಪಲಿಗಳೇ. ದಾಂಡೇಲಿಯ ನಮ್ಮ ಓಣಿಯ ಕೊನೆಗೆ ಅವಳು ತಿರುಗಿದಳೆಂದರೆ ನನಗೆ ಒಳಗೆ ಕೂತಲ್ಲೇ ತಿಳಿಯುತ್ತದೆ. ಬಲಗಾಲಿನದು ಚಟ್ಟೆಂದು ಬಿದ್ದು ಸುಮ್ಮನಾಗುತ್ತದೆ. ಎಡಗಾಲಿನದು ತುಸು ತಡೆದು, ನೆಲ ಸವರಿಕೊಂಡು ಬಂದು, ಆಮೇಲೆ ದಪ್ಪಗೆ ಪಟ್ಟೆಂದು ಬೀಳುತ್ತದೆ. ಆ ಎರಡು ಸಪ್ಪಳದ ನಡುವೆ ಒಂದು ಸಣ್ಣ ತಡ ಇದೆಯಲ್ಲ, ಅದು ನನ್ನದು. ಅದನ್ನು ಅವಳ ಕಾಲಿಗೆ ಕಟ್ಟಿದವಳು ನಾನು. ಓಣಿಯ ಯಾರ ಮುಂದೆಯೂ ಇದನ್ನು ಆಡಿಲ್ಲ; ನಾಲ್ಕನೇ ಇಯತ್ತೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿ ಉಳಿದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಅವಳು ಬೈಲಹೊಂಗಲದ ಕಡೆಯವಳು. ಗಂಡ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಕಾಮಾಲೆಯಾಗಿ ಅವನು ತೀರಿಕೊಂಡಾಗ ಶಂಕ್ರೆವ್ವನಿಗೆ ಮೂವತ್ತು ತುಂಬಿತ್ತೋ ಇಲ್ಲವೋ. ಮಕ್ಕಳಿರಲಿಲ್ಲ. ತವರಿನವರು ಕರೆಯಲು ಬಂದರೆ, "ಅಲ್ಲಿ ಬಂದು ನಿಮ್ಮ ರೊಟ್ಟಿ ಬಡಿಯೂ ಬದಲಿ ಇಲ್ಲೇ ಮಂದಿಗಿ ಬಡೀತೇನಿ ಬಿಡ್ರಿ" ಎಂದು ಅವರನ್ನು ಊಟ ಹಾಕಿ ಕಳಿಸಿದಳು. ತಾನಿದ್ದ ಎರಡು ಖೋಲಿಯ ಮನೆಯಲ್ಲೇ ಖಾನಾವಳಿ ತೆಗೆದಳು. ಸತ್ತ ಗಂಡನ ಖಾಕಿ ಅಂಗಿ ಪೆಟ್ಟಿಗೆಯಲ್ಲಿತ್ತು. ಅದನ್ನು ತೆಗೆದು ಸೀರೆಯ ಮೇಲೆ ತೊಟ್ಟು, ತೋಳನ್ನು ಮೊಣಕೈವರೆಗೆ ಮಡಚಿ, ಒಲೆಯ ಮುಂದೆ ಕೂತಳು. ಅದು ಹರಿದ ಮೇಲೆ ಅಂಥದೇ ಮತ್ತೊಂದು ಹೊಲಿಸಿಕೊಂಡಳು. ಅವಳು ಕೂರುವ ರೀತಿಯೇ ಬೇರೆ: ಎಡಗಾಲನ್ನು ಪೂರಾ ಮಡಚಿ ತನ್ನ ಕೆಳಗೆ ಹಾಕಿಕೊಂಡು, ಬಲಗಾಲನ್ನು ಮುಂದೆ ಚಾಚಿ, ಹಿಟ್ಟು ನಾದುವ ಕೊಣಮಿಗೆಯನ್ನು ಆ ಕಾಲಿಗೆ ತಾಗಿಸಿಕೊಂಡು, ಮುಂಜಾನೆ ಮಿಲ್ಲಿನ ಮೊದಲ ಭೋಂಗಾ ಕೂಗಿದಾಗ ಕೂತರೆ ಎರಡನೇ ಶಿಫ್ಟಿನವರು ಉಂಡು ಏಳುವವರೆಗೆ ಕದಲುತ್ತಿರಲಿಲ್ಲ. ಹಿಟ್ಟಿನ ಮೇಲೆ ಬೀಳುವ ಅವಳ ಅಂಗೈ ಸಪ್ಪಳಕ್ಕೆ ಒಂದು ತಾಳವಿತ್ತು. ತಾಳ ತಪ್ಪಿದರೆ ಯಾರೋ ಒಬ್ಬರು ಉಣ್ಣಲು ಬಂದಿಲ್ಲ ಎಂದು ಅವಳು ಕಾಯುತ್ತಿದ್ದಾಳೆ ಎಂದು ತಿಳಿಯಬೇಕು.

ಹಂಚು ಕಾದಿದೆಯೋ ಇಲ್ಲವೋ ನೋಡಲು ನಾವೆಲ್ಲ ನೀರು ಚಿಮುಕಿಸುತ್ತೇವೆ. ಶಂಕ್ರೆವ್ವ ಅಂಗೈಯನ್ನು ಹಂಚಿನ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಹಿಡಿಯುತ್ತಿದ್ದಳು, ಅಷ್ಟೇ. "ಇನ್ನೊಂದ ಕಟಗಿ ಹಾಕು" ಅಂದರೆ ಇನ್ನೊಂದು ಕಟ್ಟಿಗೆ, "ಸಾಕು" ಅಂದರೆ ಸಾಕು. ಆ ಕೈ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು, ಅವಳ ಮಾತು. ಏನೇ ಆಗಲಿ, ಆದದ್ದು ಆಗಿಹೋಯಿತು ಬಿಡು ಎಂಬಂತೆ "ಆತ ಬಿಡ" ಅನ್ನುತ್ತಿದ್ದಳು. ಯಾರೋ ತಾಟು ಒಡೆದರೆ ಆತ ಬಿಡ. ಮಳೆಗೆ ಮಾಡಿನ ಹಂಚು ಸೋರಿ ಹಿಟ್ಟಿನ ಡಬ್ಬಿ ತೊಯ್ದರೆ ಆತ ಬಿಡ. ಜಗಳಾಡಿದವರು ಮೂರು ದಿನ ಬಿಟ್ಟು ಮುಖ ಸಣ್ಣ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತರೆ, ತಲೆ ಎತ್ತದೆ, "ಆತ ಬಿಡ, ಕೈ ತೊಳಕೋ" ಅನ್ನುತ್ತಿದ್ದಳು. ಹಳಿಯಾಳ ಕಡೆಯ ಉಳವಪ್ಪ ಎಂಬವನು, ಹೆಂಡತಿ ಸತ್ತವನು, ಬಾಯ್ಲರಿನ ಕೆಲಸದವನು, ಹತ್ತು ವರ್ಷದಿಂದ ಅಲ್ಲಿ ಉಣ್ಣುತ್ತಿದ್ದ. ಅವಳನ್ನು ಕೆಣಕದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

"ಶಂಕ್ರೆವ್ವ, ಇವತ್ತಿನ ರೊಟ್ಟಿ ಸಾಲ್ಯಾಗಿನ ನಕಾಶಿ ಆಗೈತಲ್ಲ?"

"ನಕಾಶಿ ನೋಡಿ ನಿಮ್ಮೂರ ದಾರಿ ಹುಡಿಕ್ಕೋ. ಹೆಂಗೂ ದಾರಿ ಮರತಿ."

ಎಲ್ಲರೂ ನಗುತ್ತಿದ್ದರು. ಉಳವಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ. ಅಷ್ಟರಾಚೆಗೆ ಅವರಿಬ್ಬರ ನಡುವೆ ಏನೂ ಇರಲಿಲ್ಲ. ಇದನ್ನು ನಾನು ಚೆನ್ನಾಗಿ ಬಲ್ಲೆ. ನಮ್ಮಿಬ್ಬರ ಮನೆಗೆ ಗೋಡೆ ಒಂದೇ. ನಾನು ಅವಳಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು, ಅಕ್ಕಾ ಎಂದೇ ಕರೆಯುತ್ತಿದ್ದಳು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಯಾರದೋ ಮದುವೆಗೆ ಖಡಕ್ ರೊಟ್ಟಿ ಮಾಡಿಕೊಡಲು ಒಪ್ಪಿಕೊಂಡಳು. ಎರಡು ದಿನ, ನೀರಿಗೂ ಏಳದೆ, ಅದೇ ಕಾಲು ಮಡಚಿ ಕೂತಳು. ಮೂರನೇ ದಿನ ಮಧ್ಯಾಹ್ನ ಗೋಡೆಯಾಚೆಯಿಂದ, "ಅಕ್ಕಾ, ಒಂದೀಟ ಬಾ" ಎಂದಳು. ಹೋದೆ. ಸೀರೆ ಸ್ವಲ್ಪ ಮೇಲೆತ್ತಿ ತೋರಿಸಿದಳು. ಎಡ ಮೀನಖಂಡ ಬಾತು, ಚರ್ಮ ಬಿಗಿದು ಹೊಳೆಯುತ್ತಿತ್ತು. ಬಲಗಾಲು ಇದ್ದಂತೇ ಇತ್ತು. ಕೂತು ಕೂತು ಹಿಡಿದುಕೊಂಡಿದೆ ಎಂದು ಔಡಲೆಣ್ಣೆ ಬೆಚ್ಚಗೆ ಮಾಡಿ ನಾನೇ ಎರಡು ದಿನ ತಿಕ್ಕಿದೆ. ಬಾವು ಇಳಿಯಲಿಲ್ಲ. ಡಾಕ್ಟರ ಬಳಿ ಹೋಗೋಣ ಅಂದರೆ ಅವಳಿಗೆ ಬೇರೆಯೇ ಭಯ.

"ಕಾಲ ಬಾತೈತಿ ಅಂತ ತಿಳದ್ರ ನನ್ನ ಕೈ ರೊಟ್ಟಿ ಯಾರ ತಿಂತಾರಕ್ಕಾ? ಕೊಣಮಿಗಿ ಬಾಜೂನ ಈ ಕಾಲ ಇರ್ತೈತಿ. ಆನೆಕಾಲಂತಾರ, ಕುಷ್ಠ ಅಂತಾರ. ಇಷ್ಟ ವರ್ಷ ಕಟ್ಟಿದ್ದ ಒಂದ ದಿನದಾಗ ಹೋಗ್ತೈತಿ."

"ಯಾರಿಗೂ ಹೇಳಂಗಿಲ್ಲ ನಡೀ."

"ಹಂಗಲ್ಲ. ಒಲಿ ಮುಟ್ಟಿ ಹೇಳು."

ನಮ್ಮಲ್ಲಿ ಒಲೆ ಮುಟ್ಟಿ ಆಡಿದ ಮಾತು ಗಟ್ಟಿ. ಮುಟ್ಟಿ ಹೇಳಿದೆ, ಅವಳ ಕಾಲಿನ ಸುದ್ದಿ ನನ್ನ ಬಾಯಿಂದ ಬರುವುದಿಲ್ಲ ಎಂದು. ಮುಂದೆ ಆ ಆಣೆಯ ಹಿಂದೆಯೇ ನಾನು ಬಚ್ಚಿಟ್ಟುಕೊಂಡೆ.

ಡಾಕ್ಟರು ಎರಡೂ ಕಾಲಿಗೆ ಟೇಪು ಸುತ್ತಿ ಅಳೆದರು. ಎಣ್ಣೆ ಹಚ್ಚಿ ತಿಕ್ಕಿದ್ದೇವೆ ಅಂದಾಗ ನನ್ನ ಕಡೆ ಕಣ್ಣು ಬಿಟ್ಟರು. "ಇನ್ನ ಮ್ಯಾಲೆ ಕೈ ಹಚ್ಚಬ್ಯಾಡ್ರಿ. ಒಳಗ ನರದಾಗ ರಕ್ತ ಹೆಪ್ಪುಗಟ್ಟಿರಬಹುದು. ಸ್ಕ್ಯಾನಿಂಗ್ ಮಾಡಿಸಿಕೊಂಡ ಬರ್ರಿ" ಎಂದು ಚೀಟಿ ಬರೆದುಕೊಟ್ಟರು. ಸ್ಕ್ಯಾನಿಂಗ್ ಡಾಕ್ಟರು ಧಾರವಾಡದಿಂದ ವಾರಕ್ಕೊಮ್ಮೆ, ಮಂಗಳವಾರ, ಬರುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಆ ಕೋಣೆಯನ್ನು ನಮ್ಮ ಹೆಂಗಸರೆಲ್ಲ ಹೊಟ್ಟೆ ನೋಡುವ ಮಷೀನಿನ ಮನೆ ಎನ್ನುತ್ತಿದ್ದರು. ಬಸುರಿಯರಲ್ಲದೆ ಬೇರೆ ಯಾರಿಗೂ ಅಲ್ಲಿ ಕೆಲಸವಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಹೊರಗೆ, ಹುಟ್ಟುವ ಕೂಸು ಗಂಡೋ ಹೆಣ್ಣೋ ಹೇಳುವುದಿಲ್ಲ ಎಂಬ ದೊಡ್ಡ ಬೋರ್ಡು. ಒಳಗೆ ಬೆಂಚಿನ ತುಂಬ ಬಸುರಿಯರು, ಪ್ರತಿಯೊಬ್ಬಳ ಕೈಯಲ್ಲೂ ನೀರಿನ ಬಾಟಲಿ. ಹೊಟ್ಟೆ ಚೆನ್ನಾಗಿ ಕಾಣಬೇಕಾದರೆ ಉಚ್ಚೆ ತುಂಬಿರಬೇಕಂತೆ.

ನಾವು ಹೋಗಿ ಕೂತದ್ದೇ ತಡ, ಅಲ್ಲಿಯ ಆಯಾ ಚೀಟಿ ಓದದೆ ಶಂಕ್ರೆವ್ವನ ಕೈಗೆ ತಂಬಿಗೆ ಕೊಟ್ಟಳು. "ಪೂರಾ ಕುಡೀರಿ. ತಡಿಯಾಕ ಆಗದಂಗ ಆದ ಮ್ಯಾಲೆ ಹೇಳ್ರಿ." ಶಂಕ್ರೆವ್ವ ದವಾಖಾನೆಯವರ ಮಾತು ಮೀರುವವಳಲ್ಲ. ಎರಡು ತಂಬಿಗೆ ನೀರು ಗಟಗಟ ಕುಡಿದು, ಕಣ್ಣು ಮೇಲೆ ಮಾಡಿ ಕೂತಳು. ಅವಳ ಸರದಿ ಬಂದಾಗ ಆಯಾ ಚೀಟಿ ಓದಿ ಹಣೆ ಬಡಿದುಕೊಂಡಳು.

"ಅಯ್ಯ, ಕಾಲಿಂದ ಏನ್ರಿ? ಕಾಲಿಗಿ ಯಾಕ ನೀರ ಕುಡದ್ರಿ?"

"ನೀವ ಕೊಟ್ರೆಲ್ಲರಿ. ನಾ ಏನ್ ನೀರಡಿಸಿ ಬಂದಿದ್ನಿ?"

ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ, ಅವಳೂ ನಕ್ಕಳು. ಆದರೆ ಆಯಾ ಈ ಮಾತಾಡಿದ್ದು ಒಳಬಾಗಿಲ ಹತ್ತಿರ, ಮೆಲ್ಲಗೆ. ಬೆಂಚಿನ ಆ ತುದಿಯಲ್ಲಿ ಸೊಸೆಯನ್ನು ಕರೆದುಕೊಂಡು ನಮ್ಮ ಓಣಿಯ ಸುಶೀಲವ್ವ ಕೂತಿದ್ದಳು. ಅವಳ ಕಣ್ಣಿಗೆ ಕಂಡದ್ದು ಗಂಡ ಸತ್ತ ಶಂಕ್ರೆವ್ವ ಸ್ಕ್ಯಾನಿಂಗ್ ಕೋಣೆಯಲ್ಲಿ ನೀರು ಕುಡಿದದ್ದು, ಅಷ್ಟೇ.

ಒಳಗೆ ಕತ್ತಲು ಮಾಡಿದ್ದರು. ತೊಡೆಯ ಸಂದಿನವರೆಗೆ ಸೀರೆ ಸರಿಸಬೇಕೆಂದಾಗ ಶಂಕ್ರೆವ್ವ ನನ್ನ ಮಣಿಕಟ್ಟು ಹಿಡಿದಳು. ಗಂಡಸು ಡಾಕ್ಟರು. ನಾನು ಅವಳ ಸೆರಗನ್ನೇ ಅಗಲ ಮಾಡಿ, ಡಾಕ್ಟರ ಕೈಗೆ ಬೇಕಾದಷ್ಟು ಕಾಲು ಬಿಟ್ಟು, ಉಳಿದದ್ದನ್ನು ಮರೆ ಮಾಡಿ ಹಿಡಿದು ನಿಂತೆ. ತಣ್ಣನೆಯ ಅಂಟು ಹಚ್ಚಿ, ಇಸ್ತ್ರಿ ಪೆಟ್ಟಿಗೆಯ ಮರಿಯಂಥದೊಂದನ್ನು ತೊಡೆಯ ಬುಡಕ್ಕಿಟ್ಟು, ಒತ್ತುವುದು, ಬಿಡುವುದು, ಎರಡು ಬೆರಳು ಕೆಳಗೆ ಸರಿಸುವುದು, ಮತ್ತೆ ಒತ್ತುವುದು. ಪರದೆಯ ಮೇಲೆ ಎರಡು ಕಪ್ಪು ಗುಂಡುಗಳು ಕಂಡವು. ಆ ಡಾಕ್ಟರು ಒಳ್ಳೆಯವರು, ಕೇಳದಿದ್ದರೂ ತಿಳಿಸಿ ಹೇಳಿದರು.

"ಈ ಬಡಕೊಳ್ಳಾಕತ್ತಿದ್ದು ಬ್ಯಾರೆ, ಅದನ್ನ ಬಿಡ್ರಿ. ಅದರ ಬಾಜೂಕಿನ್ನೊಂದ ಐತಲ್ಲ, ಅದು ನಾ ಒತ್ತಿದ ಕೂಡ್ಲೆ ಮುಚ್ಚಬೇಕು. ಮುಚ್ಚಿದ್ರ ಒಳಗ ಏನೂ ಇಲ್ಲಂತ ಲೆಕ್ಕ."

ಒತ್ತಿದಾಗೊಮ್ಮೆ ಅದು ನಿದ್ದೆಗಣ್ಣಿನ ಹಾಗೆ ಮುಚ್ಚುತ್ತಿತ್ತು, ಬಿಟ್ಟಾಗ ತೆರೆಯುತ್ತಿತ್ತು. ತೊಡೆಯ ಉದ್ದಕ್ಕೂ ಮುಚ್ಚಿತು. ಮೊಣಕಾಲ ಹಿಂದೆಯೂ ಮುಚ್ಚಿತು. ಅದರ ಕೆಳಗೆ, ಮೀನಖಂಡದ ಒಂದು ಸಣ್ಣ ನಾಳದ ಹತ್ತಿರ ಬಂದಾಗ ಡಾಕ್ಟರು ಒತ್ತಿದರು, ಮುಚ್ಚಲಿಲ್ಲ. ಮತ್ತೆ ಒತ್ತಿದರು. ಮುಚ್ಚಲಿಲ್ಲ. ತೆರೆದ ಕಣ್ಣಿನ ಹಾಗೆ ನಮ್ಮನ್ನೇ ನೋಡುತ್ತಿತ್ತು.

"ಹಿಟ್ಟಿನಾಗ ಗಂಟ ಉಳದಂಗ ಅನ್ರಿ" ಎಂದಳು ಮಲಗಿದಲ್ಲಿಂದ ಶಂಕ್ರೆವ್ವ.

"ಹಂಗ ತಿಳಕೋರಿ. ಸಣ್ಣ ಗಂಟು, ಕೆಳಗೈತಿ. ಅಲ್ಲೇ ಕರಗಿದ್ರೂ ಕರಗೀತು. ಆದ್ರ ಮ್ಯಾಲೆ ಏರಿದ್ರ ತೊಡಿ ನರಕ್ಕ ಬರ್ತದ, ಅಲ್ಲಿಂದ ಹರಕೊಂಡು ಎದಿಗಿ ಹೋದ್ರ ಉಸಿರಾಡೂದು ಕಠಿಣ ಆಗ್ತದ. ಮುಂದಿನ ಮಂಗಳವಾರ ಮತ್ತ ಬಂದು ತೋರಸ್ರಿ. ಏರಿದ್ರ ಅವತ್ತ ಸೂಜಿ ಚಾಲೂ ಮಾಡೂಣು. ತಪ್ಪಿಸಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ನೀವ ಕರಕೊಂಡ ಬರ್ರಿ, ಅವ್ವಾರ" ಎಂದರು.

ಬರುತ್ತೇವೆ ಎಂದೆ. ಅವಳು ಹೊರಗೆ ಬಂದವಳೇ, "ಅಕ್ಕಾ, ನೀ ಸೆರಗ ಹಿಡದ ನಿಂತಿ ಅಂತ ಮಲಗಿದ್ನಿ. ಇಲ್ಲಂದ್ರ ಎದ್ದ ಓಡಿ ಬರ್ತಿದ್ನಿ" ಎಂದಳು. ನಂತರ ಮಾರುದ್ದ ನಡೆದು, "ಮೊದಲ ಬಚ್ಚಲ ಎಲ್ಲೈತಿ ಕೇಳು" ಎಂದಳು.

ಮರುದಿನ ನಲ್ಲಿಯ ಹತ್ತಿರ ಸರದಿಯಲ್ಲಿ ನಿಂತಿದ್ದೆ. ಸುಶೀಲವ್ವ ಕೊಡವನ್ನು ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಕೇಳಿದಳು.

"ಮಾಲವ್ವ, ಶಂಕ್ರೆವ್ವಗ ಎಷ್ಟನೇ ತಿಂಗಳಂತ?"

ಹೆಂಗಸರು ಗೊಳ್ಳೆಂದರು. ಒಬ್ಬಳು, "ಉಳವಪ್ಪ ಸುಮ್ಮನ ರೊಟ್ಟಿಗಿ ಅಷ್ಟ ಬರ್ತಾನಂತ ಮಾಡಿದ್ದೆವಾ" ಎಂದಳು. ನಾನು ಅಲ್ಲ ಎನ್ನಬಹುದಿತ್ತು. ಕಾಲು ಅನ್ನಬೇಕಾಗಿರಲಿಲ್ಲ, ನಿಮ್ಮ ಬಾಯಿಗೆ ಹುಳ ಬೀಳಲಿ, ಅವಳ ಹೊಟ್ಟೆಯಲ್ಲಿ ಏನೂ ಇಲ್ಲ ಎಂದಿದ್ದರೆ ಸಾಕಿತ್ತು, ಆಣೆಯೂ ಮುರಿಯುತ್ತಿರಲಿಲ್ಲ. ಆದರೆ ಅಷ್ಟೂ ಮುಖಗಳು ನನ್ನ ಕಡೆ ತಿರುಗಿದ್ದವು. ಓಣಿಗೆ ಬಂದು ಇಪ್ಪತ್ತೈದು ವರ್ಷದಲ್ಲಿ ನನ್ನ ಒಂದು ಮಾತಿಗೆ ಹಾಗೆ ಯಾರೂ ಕಾದಿರಲಿಲ್ಲ. ನಾನು ಕೊಡ ತಿಕ್ಕುತ್ತಾ ಅಂದೆ:

"ಅದನ್ನ ನನ್ನ ಯಾಕ ಕೇಳ್ತೀರಿ? ಅಕಿನ್ನ ಕೇಳ್ರಿ."

ಅಂದು, ನಕ್ಕೆ. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಕ್ಕ ಮೇಲೆ ಸುಶೀಲವ್ವನಿಗೆ ಇನ್ಯಾವ ಸಾಕ್ಷಿ ಬೇಕಿತ್ತು? ಸಂಜೆಗೆ ಸುದ್ದಿ ಮಿಲ್ಲಿನ ಗೇಟಿನವರೆಗೆ ಹೋಯಿತು. ಉಳವಪ್ಪ ಖಾನಾವಳಿಗೆ ಬರುವುದನ್ನು ಬಿಟ್ಟ. ನಮ್ಮ ಮನೆಯವರು ಉಣ್ಣುತ್ತಾ, ತಾಟಿನಿಂದ ಮುಖ ಎತ್ತದೆ, "ಅಕಿ ಜೋಡಿ ಇನ್ನ ಎಲ್ಲಿಗೂ ಹೋಗಬ್ಯಾಡ" ಎಂದರು. ಯಾಕೆಂದು ನಾನು ಕೇಳಲಿಲ್ಲ, ಹೀಗಲ್ಲ ಎಂದು ತಿಳಿಸಿಯೂ ಹೇಳಲಿಲ್ಲ. ಗಂಡ ಬೇಡ ಅಂದ ಎಂಬ ನೆವ ನನಗೆ ಹಿತವಾಗಿಯೇ ಇತ್ತು. ಮತ್ತೆ ಆ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂರುವ ಧೈರ್ಯ ನನಗಿರಲಿಲ್ಲ.

ಮಂಗಳವಾರ ಬಂತು. ಒಂಬತ್ತು ಗಂಟೆಗೆ ಶಂಕ್ರೆವ್ವ ಖಾಕಿ ಅಂಗಿ ಕಳಚಿಟ್ಟು, ಇಳಕಲ್ ಸೀರೆ ಉಟ್ಟು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ನನ್ನ ಬಾಗಿಲಲ್ಲಿ ನಿಂತಳು. ಅವಳು ಬರುವ ಸಪ್ಪಳಕ್ಕೇ ನಾನು ಕೌದಿ ಎಳೆದುಕೊಂಡು ಮಲಗಿದ್ದೆ.

"ಅಕ್ಕಾ, ಹೋಗೂಣು?"

"ಮೈ ಸುಡಾಕತ್ತೈತಿ ಶಂಕ್ರೆವ್ವ. ಏಳಾಕ ಆಗವಲ್ದು."

ಅವಳು ಒಳಗೆ ಬಂದು, ಬಗ್ಗಿ, ನನ್ನ ಹಣೆಯ ಮೇಲೆ ಅಂಗೈ ಇಟ್ಟಳು. ಹಂಚಿನ ಮೇಲೆ ಹಿಡಿಯುವ ಅದೇ ಕೈ. ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಇಟ್ಟಳು. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಆ ಕೈ ಎದ್ದಿತು.

"ಆತ ಬಿಡ. ಮಲಕೋ" ಎಂದಳು.

ಅವಳು ಬಸ್ ಸ್ಟ್ಯಾಂಡಿನ ಕಡೆ ಹೋಗಲಿಲ್ಲ. ಗೋಡೆಯಾಚೆ ಸ್ವಲ್ಪ ಹೊತ್ತಿಗೆ ಹಿಟ್ಟು ಬಡಿಯುವ ಸಪ್ಪಳ ಶುರುವಾಯಿತು. ಎದ್ದು ಹೋಗಿ, ನಡೀ ಎನ್ನಬೇಕು ಎಂದು ಮಧ್ಯಾಹ್ನದವರೆಗೂ ಅಂದುಕೊಂಡೆ. ಮಧ್ಯಾಹ್ನದ ಮೇಲೆ ಡಾಕ್ಟರು ಧಾರವಾಡದ ಬಸ್ಸು ಹತ್ತಿರುತ್ತಾರೆ ಎಂದುಕೊಂಡೆ.

ಆರು ದಿನದ ಮೇಲೆ, ಹನ್ನೊಂದರ ಹೊತ್ತಿಗೆ, ಗೋಡೆಯಾಚೆ ತಾಳ ತಪ್ಪಿತು. ಯಾರೋ ಉಣ್ಣಲು ಬಂದಿಲ್ಲ ಎಂದುಕೊಂಡೆ. ಆಮೇಲೆ ಸಪ್ಪಳವೇ ನಿಂತಿತು. ಹೋಗಿ ನೋಡಿದರೆ ಶಂಕ್ರೆವ್ವ ಗೋಡೆಗೆ ಒರಗಿದ್ದಳು. ಎದೆ ಏರಿಳಿಯುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ, ತುಟಿ ಕಪ್ಪಿಟ್ಟಿತ್ತು. ಎಡಗಾಲು ತೊಡೆಯ ಬುಡದವರೆಗೆ ಬಾತು ಕಂಬವಾಗಿತ್ತು. ಹಂಚಿನ ಮೇಲೆ ರೊಟ್ಟಿ ಸುಟ್ಟು ಹೊಗೆಯಾಡುತ್ತಿತ್ತು. ನಾನು ಕೂಗಿಕೊಂಡೆ. ಓಡಿ ಹೋಗಿ ಜೀಪು ತಂದವನು ಉಳವಪ್ಪ. ಮಂದಿ ಏನಂತಾರೋ ಎಂದು ಹತ್ತು ಹನ್ನೆರಡು ದಿನ ಮುಖ ತೋರಿಸದವನು, ಅಷ್ಟೂ ಮಂದಿಯ ಎದುರಿಗೆ ಅವಳನ್ನು ಎತ್ತಿ ಜೀಪಿನಲ್ಲಿ ಮಲಗಿಸಿದ.

ಹುಬ್ಬಳ್ಳಿಯಲ್ಲಿ ಇಪ್ಪತ್ತೊಂದು ದಿನ ಇದ್ದಳು. ಬದುಕಿದ್ದು ಹೆಚ್ಚು ಎಂದರು. ನಾಲ್ಕನೇ ದಿನ ಅಲ್ಲಿಯ ದೊಡ್ಡ ಡಾಕ್ಟರು ನಮ್ಮೂರಿನ ಸ್ಕ್ಯಾನಿಂಗ್ ಕಾಗದವನ್ನು ಕೈಯಲ್ಲಿ ಹಿಡಿದು ಸಿಟ್ಟಿನಿಂದ ಕೇಳಿದರು. "ಒಂದ ವಾರಕ್ಕ ಮತ್ತ ತೋರಸ್ರಿ ಅಂತ ಸ್ವಚ್ಛ ಬರದಾರ. ಯಾಕ ಹೋಗಲಿಲ್ಲ? ಅವತ್ತ ಹೋಗಿದ್ರ ಇದು ತೊಡಿಗೇ ಏರ್ತಿರಲಿಲ್ಲ." ನಾನು ಮಂಚದ ಕಾಲಬದಿಯಲ್ಲಿ ನಿಂತಿದ್ದೆ. ಶಂಕ್ರೆವ್ವ ಮೂಗಿಗೆ ಹಾಕಿದ್ದ ನಳಿಗೆಯನ್ನು ಸರಿಮಾಡಿಕೊಂಡು, ನನ್ನ ಕಡೆ ನೋಡದೆ, "ರೊಟ್ಟಿ ಆರ್ಡರ್ ಇತ್ರೀ, ಸಾಹೇಬ್ರ" ಎಂದಳು.

"ಜೀವಕ್ಕಿಂತ ರೊಟ್ಟಿ ಹೆಚ್ಚೇನವ್ವಾ?" ಎಂದು ಅವರು ಅವಳನ್ನು ಬೈದರು. ನನ್ನ ಪಾಲಿನ ಬೈಗುಳವನ್ನು ಅವಳು ಮಲಗಿಕೊಂಡು ಕೇಳಿದಳು.

ಕಾಲು ಮತ್ತೆ ಮೊದಲಿನಂತಾಗಲಿಲ್ಲ. ಸಂಜೆಗೆ ಬಾಯುತ್ತದೆ, ಕಣಕಾಲ ಸುತ್ತ ಚರ್ಮ ಕಪ್ಪಾಗಿ ಗಟ್ಟಿಯಾಗಿದೆ, ಮಡಚಿ ಕೂರಲು ಆಗುವುದಿಲ್ಲ. ಒಲೆಯನ್ನು ಕಟ್ಟೆಯ ಮೇಲೆ ಕಟ್ಟಿಸಿಕೊಂಡು, ಎತ್ತರದ ಮಣೆಯ ಮೇಲೆ ಕೂತು, ಎಡಗಾಲನ್ನು ಇನ್ನೊಂದು ಮಣೆಯ ಮೇಲಿಟ್ಟು, ಮೂರು ತಿಂಗಳಲ್ಲಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ಬಾತ ಕಾಲು ಈಗ ಬಂದವರಿಗೆಲ್ಲ ಕಾಣುತ್ತಿತ್ತು. ಒಬ್ಬನೇ ಒಬ್ಬ ಊಟ ಬಿಡಲಿಲ್ಲ. ಉಳವಪ್ಪ ಮೊದಲ ದಿನವೇ ಬಂದು, "ಏನ್ ಶಂಕ್ರೆವ್ವ, ಕಾಲಿಗೊಂದ ಸಿಂಹಾಸನ ಮಾಡಿಸಿಬಿಟ್ಟಿ!" ಎಂದ. "ನಿನ್ನಂಥಾವ್ರು ಬಂದು ಬೀಳಾಕ ಬೇಕಲ್ಲ" ಎಂದಳು. ಸುಶೀಲವ್ವ ತಾನೇ ಬಂದು, ಕಾಲು ಮುಟ್ಟಿ ನೋಡಿ, ಅತ್ತಳು. ಅವಳಿಗೂ ಶಂಕ್ರೆವ್ವ "ಆತ ಬಿಡ" ಎಂದದ್ದನ್ನು ನಾನು ಈ ಕಿವಿಯಿಂದ ಕೇಳಿದ್ದೇನೆ. ಯಾವ ಕಾಲನ್ನು ಬಚ್ಚಿಡಲು ಇಷ್ಟೆಲ್ಲ ಆಯಿತೋ, ಆ ಕಾಲಿನ ಬಗ್ಗೆ ಯಾರಿಗೂ ಅಸಹ್ಯವಿರಲಿಲ್ಲ. ನಲ್ಲಿಯ ಹತ್ತಿರ ಆಣೆ ಮುರಿದು ನಿಜವನ್ನೇ ಹೇಳಿದ್ದರೂ ಅವಳದು ಏನೂ ಹೋಗುತ್ತಿರಲಿಲ್ಲ.

ಎರಡು ಅಳತೆಯ ಚಪ್ಪಲಿ ಮೊದಲ ಸಲ ಕೊಂಡದ್ದು ಆಗಲೇ. ಉಳಿದ ಎರಡು, ದೊಡ್ಡ ಬಲಗಾಲಿನದು ಮತ್ತು ಸಣ್ಣ ಎಡಗಾಲಿನದು, ಅವಳ ಬಾಗಿಲ ಹಿಂದಿನ ಮೊಳೆಗೆ ತೂಗುತ್ತವೆ. ಎಸೆಯುವುದಿಲ್ಲ. ಆ ಸಣ್ಣ ಎಡಗಾಲಿನ ಚಪ್ಪಲಿಗೆ ಮಣ್ಣೇ ತಾಗಿಲ್ಲ, ಅಂಗಡಿಯಿಂದ ತಂದಾಗ ಇದ್ದಂತೆಯೇ ಇದೆ. ಅವಳ ಮನೆಗೆ ಹೋದಾಗ ನಾನು ಬಾಗಿಲಿಗೆ ಬೆನ್ನು ಮಾಡಿ ಕೂರುತ್ತೇನೆ.

ಎರಡು ಸಾವಿರದ ಆರರಲ್ಲಿ ನಮ್ಮ ಮನೆಯವರು ಹೋದರು. ನಾನು ಒಲೆ ಹಚ್ಚಲಿಲ್ಲ. ಬಂಧುಗಳು ಮೂರು ದಿನ ಇದ್ದು ಅವರವರ ಊರು ಸೇರಿದರು. ನಾಲ್ಕನೇ ದಿನ ಮಧ್ಯಾಹ್ನ ಓಣಿಯಲ್ಲಿ ಚಟ್, ಆಮೇಲೆ ಸವರಿಕೊಂಡು ಪಟ್. ತಾಟಿಗೆ ಅರಿವೆ ಮುಚ್ಚಿಕೊಂಡು ಬಂದಳು. ಮರುದಿನವೂ ಬಂದಳು. ನಾನಾಗಿ ಒಲೆ ಹಚ್ಚುವವರೆಗೆ ಎರಡು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಹಚ್ಚಿದ ಮೇಲೂ, "ಒಬ್ಬಾಕಿಗಿ ಏನ್ ರೊಟ್ಟಿ ಮಾಡ್ಕೋತಿ, ನನ್ನಲ್ಲೇ ಬಾ" ಎಂದಳು. ಹೋದೆ. ಇವತ್ತಿಗೂ ಹೋಗುತ್ತೇನೆ.

ಹೋದ ವರ್ಷ, ಮಳೆಗಾಲ, ಖಾನಾವಳಿಯಲ್ಲಿ ಯಾರೂ ಇರಲಿಲ್ಲ. ತಾಟಿನ ಮುಂದೆ ಕೂತಿದ್ದೆ. ಬಾಯಿಂದ ಬಂದುಬಿಟ್ಟಿತು.

"ಶಂಕ್ರೆವ್ವ, ಅವತ್ತ ಮಂಗಳವಾರ ನನಗ ಜ್ವರ ಇರಲಿಲ್ಲ."

ಅವಳು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವಿದಳು.

"ಗೊತ್ತೈತಿ. ಕೈ ಇಟ್ಟ ನೋಡಿದ್ನೆಲ್ಲ."

"ನಳದ ಹತ್ರಾನೂ ನಾ..."

"ಅದೂ ಗೊತ್ತೈತಿ."

ನಾನು ಕಾದೆ. ಅವಳ ಬಾಯಲ್ಲಿ ಎಲ್ಲರಿಗೂ ಇದ್ದ ಆ ಎರಡು ಶಬ್ದಕ್ಕೆ ಕಾದೆ. ತಾಟು ಒಡೆದವನಿಗೆ ಸಿಕ್ಕದ್ದು, ಸುಶೀಲವ್ವನಿಗೂ ಸಿಕ್ಕದ್ದು ನನಗೂ ಸಿಕ್ಕೀತೆಂದು, ತುತ್ತು ಕೈಯಲ್ಲೇ ಹಿಡಿದು ಅವಳ ಮುಖವನ್ನೇ ನೋಡಿದೆ. ರೊಟ್ಟಿ ಉಬ್ಬಿತು. ಅವಳು ಅದನ್ನು ಎತ್ತಿ, ಅಂಚಿನ ಬೂದಿ ಕೊಡವಿ, ನನ್ನ ತಾಟಿಗೆ ಹಾಕಿದಳು.

"ಆರತೈತಿ, ತಿನ್ನು" ಎಂದಳು. ಆ ಎರಡು ಶಬ್ದ ಬರಲಿಲ್ಲ.

ಇಂಥ ಕೈದುಡಿಮೆಯ ಇನ್ನೂ ಕೆಲವು ಹೆಂಗಸರನ್ನು ನಾನು ಈ ಊರಿನಲ್ಲಿ ಕಂಡಿದ್ದೇನೆ. ಹೊರಗಿನವರ ತಪ್ಪನ್ನು ಅವರು ಅಂಗಳದ ಕಸದ ಹಾಗೆ ಅವತ್ತಿನದನ್ನು ಅವತ್ತೇ ಗುಡಿಸಿ ಹಾಕುತ್ತಾರೆ. ನೆರೆಹೊರೆ ಅವರನ್ನು ದೊಡ್ಡ ಮನಸ್ಸಿನವರು ಎನ್ನುವುದು ಅದಕ್ಕೇ. ಆದರೆ ನಂಬಿ ಮಲಗಿದಾಗ ಸೆರಗು ಹಿಡಿದು ನಿಂತವರೇ ಕೈಬಿಟ್ಟರೆ, ಅದನ್ನು ಗುಡಿಸುವ ಪೊರಕೆ ಅವರಲ್ಲಿಲ್ಲ. ಅದಕ್ಕಾಗಿ ಅವರು ಜಗಳ ತೆಗೆಯುವುದಿಲ್ಲ, ಮಾತು ಬಿಡುವುದಿಲ್ಲ, ಮಂದಿಯ ಮುಂದೆ ಆಡುವುದಿಲ್ಲ. ಹಸಿದ ಹೊತ್ತಿಗೆ ಕರೆದು, ಬಿಸಿಯಾದದ್ದನ್ನೇ ಹಾಕಿ, ಎದುರಿಗೆ ಕೂತು ಉಣಿಸುತ್ತಾರೆ. ಉಣ್ಣುವುದು ಬಿಟ್ಟು ನಮಗೆ ಬೇರೆ ದಾರಿಯಿಲ್ಲ. ನಾಳೆಯೂ ಹನ್ನೆರಡಕ್ಕೆ ಆ ಸಪ್ಪಳ ನನ್ನ ಬಾಗಿಲಿಗೆ ಬಂದು, "ಅಕ್ಕಾ, ಊಟಕ್ಕ ಬಾ" ಎನ್ನುತ್ತದೆ. ನಾನು ಎದ್ದು ಹೋಗುತ್ತೇನೆ.